ಐವತ್ತೈದು ದಾಟಿದ ಮೇಲೆ ಮರ ಹತ್ತುವುದು: ಕೊಡಗಿನ ತೋಟದವರಿಗೊಂದು ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು. ಕಾಳುಮೆಣಸಿನ ಕೊಯ್ಲು ಮುಗಿಯುತ್ತಾ ಬಂದಿತ್ತು. ಮನೆ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರವೊಂದರ ತುದಿಯಲ್ಲಿ ನಾಲ್ಕೈದು ಗೊಂಚಲು ಉಳಿದುಬಿಟ್ಟಿದ್ದವು. ಕೆಲಸದವರು ಊಟಕ್ಕೆ ಹೋಗಿದ್ದರು. ಸುಮ್ನೆ ಕೂರುವುದೇಕೆ ಅಂತ ಒಂದೇ ಬಿದಿರಿಗೆ ಗೂಟ ಹೊಡೆದ ಒಂಟಿ ಏಣಿ ಹತ್ತಿದೆ. 14ನೇ ಗೂಟದಲ್ಲಿ ಎಡಗಾಲು ನಡುಗಲು ಶುರುವಾಯಿತು. ಚಳಿಜ್ವರ ಬಂದವರ ದವಡೆ ಹಾಗೆ, ಟಕಟಕ ಅಂತ. ನಿಲ್ಲಿಸೋಣ ಅಂದರೆ ನಿಲ್ಲುತ್ತಿಲ್ಲ. ಕಾಲು ನನ್ನದೇ, ಆದರೆ ಮಾತು ಕೇಳುತ್ತಿಲ್ಲ.

ಬೀಳಲಿಲ್ಲ. ಹೇಗೋ ಇಳಿದೆ. ನೆಲ ಮುಟ್ಟಿದ ಮೇಲೂ ಏಣಿ ಬಿಡಲು ಕೈ ಒಪ್ಪಲಿಲ್ಲ. ಆಗ ನನಗೆ 57.

ನಮ್ಮ ಅಜ್ಜ ಮರ ಹತ್ತುತ್ತಿದ್ದದ್ದು ಮೆಣಸಿಗಲ್ಲ, ಬೇಟೆಗೆ. ಹಲಸು ಹಣ್ಣಾಗುವ ಕಾಲದಲ್ಲಿ, ಬೆಳದಿಂಗಳು ನೋಡಿಕೊಂಡು, ಹಂದಿ ಬರುವ ದಾರಿಯಲ್ಲಿ ಮರದ ಮೇಲೆ ಕೂರುತ್ತಿದ್ದರಂತೆ. ಅದಕ್ಕೂ ಹಿಂದೆ ಹುಲಿ ಹೊಡೆದವನಿಗೆ 'ನರಿ ಮಂಗಲ' ಅಂತ ಮದುವೆಯ ಹಾಗೆ ಶಾಸ್ತ್ರ ಮಾಡಿ ಮೆರೆಸುತ್ತಿದ್ದ ಕಾಲವೂ ಕೊಡಗಿನಲ್ಲಿ ಇತ್ತು. ಅದೆಲ್ಲ ಮುಗಿದ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬೇಟೆ ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸ್‌ನಿಂದ 2029ರವರೆಗೆ ವಿನಾಯಿತಿ ಇದೆ, ನಿಜ. ಅದು ಕೋವಿ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ. ಹಂದಿಗೆ ಗುರಿ ಇಡುವುದಕ್ಕಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆದರೆ ಅಲ್ಲಿಗೆ ಮುಗಿಯಿತು.

ಹಾಗಿದ್ದರೆ ಬೇಟೆಯ ಮಾತೇಕೆ ಇಲ್ಲಿ? ಕಾರಣ ನಮ್ಮ ಭಾವ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾರೆ, ನನಗಿಂತ ಐದು ವರ್ಷ ದೊಡ್ಡವರು. ಅಲ್ಲಿ ಲೈಸೆನ್ಸ್ ತೆಗೆದುಕೊಂಡು, ಸೀಸನ್‌ನಲ್ಲಿ, ಬಿಲ್ಲು ಬಾಣದಿಂದ ಜಿಂಕೆ ಹೊಡೆಯಬಹುದು. 20 ಅಡಿ ಮೇಲೆ ಮರದಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಬೇಟೆಗಾರರಿಗೂ ವಯಸ್ಸಾಗುತ್ತದಲ್ವಾ? ಮಂಡಿ ನೋವು, ಭುಜ ನೋವು, ಬಿಪಿ ಮಾತ್ರೆ. ಆದರೂ ಮರ ಬಿಡಲು ಮನಸ್ಸಿಲ್ಲ. ಹಾಗಾಗಿ ಹತ್ತುವ ಕ್ರಮವನ್ನೇ ಬದಲಾಯಿಸಿಕೊಂಡಿದ್ದಾರೆ. ನನ್ನ ಕಾಲು ನಡುಗಿದ ಕಥೆ ಫೋನಿನಲ್ಲಿ ಕೇಳಿ ಭಾವ ಒಂದೇ ಮಾತು ಕೇಳಿದರು: "ಹಗ್ಗ ಎಲ್ಲಿತ್ತು?"

ಹಗ್ಗ ಇರಲಿಲ್ಲ. ನಮ್ಮಲ್ಲಿ ಯಾರಿಗೂ ಇರುವುದಿಲ್ಲ.

ಅವರಿಂದ ಕಲಿತದ್ದನ್ನು ಮೂರು ಸೀಸನ್ ನಮ್ಮ ತೋಟದಲ್ಲಿ ಮಾಡಿ ನೋಡಿದ್ದೇನೆ. ಮೆಣಸು ಕೊಯ್ಯಲು, ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯುವುದು), ಗದ್ದೆ ಕಾಯುವ ಅಟ್ಟಣೆ ಹತ್ತಲು. ಕೆಲವು ಹಾಗೇ ಹೊಂದಿದವು, ಕೆಲವನ್ನು ತಿದ್ದಬೇಕಾಯಿತು, ಕೆಲವು ನಮ್ಮಲ್ಲಿ ನಡೆಯುವುದೇ ಇಲ್ಲ.

ಮೊದಲು ನೆಲದ ಮೇಲೆ ನಿಮ್ಮನ್ನೇ ನೋಡಿಕೊಳ್ಳಿ

ಹತ್ತುವ ಶಕ್ತಿ ಬಹಳ ದಿನ ಉಳಿಯುತ್ತದೆ. ಮೊದಲು ಹೋಗುವುದು ಸಮತೋಲ, ಆಮೇಲೆ ಹಿಡಿತ. ಅದು ಹೋಗಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಅಂಗಳದಲ್ಲಿ ಒಂಟಿ ಕಾಲಿನಲ್ಲಿ ನಿಂತು ನೋಡಿ, ಬರಿಗಾಲಲ್ಲಿ. 20 ಸೆಕೆಂಡ್ ನಿಲ್ಲಲು ಆಗದಿದ್ದರೆ ಈ ವರ್ಷ ಏಣಿ ಬೇಡ. ಇದು ಡಾಕ್ಟರ ಲೆಕ್ಕವಲ್ಲ, ನಾನು ನನಗೆ ಹಾಕಿಕೊಂಡ ಲೆಕ್ಕ. ಆಮೇಲೆ ಮೊಣಕಾಲೆತ್ತರದ ಕಟ್ಟೆಯನ್ನು ಕೈ ಊರದೆ ಹತ್ತು ಸಲ ಹತ್ತಿ ಇಳಿಯಿರಿ. ಇಳಿಯುವಾಗ ಧೊಪ್ ಅಂತ ಕಾಲು ಬೀಳುತ್ತಿದ್ದರೆ ತೊಡೆಯಲ್ಲಿ ಶಕ್ತಿ ಕಮ್ಮಿಯಾಗಿದೆ ಅಂತ ಅರ್ಥ. ಮರದಲ್ಲೂ ಇಳಿಯುವಾಗಲೇ ಅದು ಕೈ ಕೊಡುವುದು.

ಬಿಪಿ ಮಾತ್ರೆ ತಿನ್ನುವವರು ಒಂದು ವಿಷಯ ಗಮನಿಸಿ. ಕೂತವರು ಗಬಕ್ಕನೆ ಎದ್ದಾಗ ಕಣ್ಣು ಕತ್ತಲೆ ಬರುತ್ತದಲ್ವಾ, ಅದೇ ಮರದ ಮೇಲೂ ಬರುತ್ತದೆ. ಮೇಲೆ ಅರ್ಧ ಗಂಟೆ ಕೂತು ಎದ್ದು ನಿಂತ ಕೂಡಲೇ ಬರುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಸಣ್ಣ ಪೆಟ್ಟೂ ದೊಡ್ಡದಾಗಬಹುದು. ತಲೆಗೆ ಬಿದ್ದರಂತೂ ಕೇಳುವುದೇ ಬೇಡ. ಈ ಎರಡರಲ್ಲಿ ಯಾವುದಿದ್ದರೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ: "ನಾನು ಮರ ಹತ್ತುತ್ತೇನೆ." ಅವರಾಗಿ ಕೇಳುವುದಿಲ್ಲ.

ಇನ್ನು ಕನ್ನಡಕ. ನನ್ನ ಕಾಲು ನಡುಗಲು ಅರ್ಧ ಕಾರಣ ಇದೇ ಅಂತ ಆಮೇಲೆ ಹೊಳೆಯಿತು. ನನ್ನದು ಪ್ರೋಗ್ರೆಸಿವ್ ಕನ್ನಡಕ. ಮೇಲ್ಭಾಗ ದೂರಕ್ಕೆ, ಕೆಳಭಾಗ ಓದುವುದಕ್ಕೆ. ಏಣಿಯಲ್ಲಿ ಕೆಳಗೆ ಕಾಲಿನ ಗೂಟ ನೋಡಿದರೆ ಓದುವ ಗಾಜಿನಲ್ಲಿ ನೋಡಿದ ಹಾಗಾಗುತ್ತದೆ. ಗೂಟ ಮಸುಕು ಮಸುಕು, ಇರುವುದಕ್ಕಿಂತ ಬೇರೆ ಜಾಗದಲ್ಲಿ ಇದ್ದ ಹಾಗೆ. ಈಗ ಮರಕ್ಕೆ ಅಂತಲೇ ಬರೀ ದೂರದ ಪವರ್ ಇರುವ ಒಂದು ಹಳೇ ಕನ್ನಡಕ ಇಟ್ಟಿದ್ದೇನೆ. ಹಿಂದೆ ದಾರ ಕಟ್ಟಿದ್ದೇನೆ. ಈ ಇಡೀ ಬರಹದಲ್ಲಿ ಅತಿ ಕಮ್ಮಿ ಖರ್ಚಿನ, ಅತಿ ಜಾಸ್ತಿ ಲಾಭದ ಸಲಹೆ ಇದೇ.

ಯಾವ ಮರ, ಯಾವ ಮರ ಬೇಡ

ವಯಸ್ಸಿನಲ್ಲಿ ನಾವು ಎಲ್ಲ ಮರವನ್ನೂ ಹತ್ತುತ್ತಿದ್ದೆವು. ಕೊಂಬೆ ಲಟ್ ಅಂದರೆ ಇನ್ನೊಂದಕ್ಕೆ ಹಾರುವಷ್ಟು ಚುರುಕಿತ್ತು. ಈಗ ಅದಿಲ್ಲ, ಹಾಗಾಗಿ ಆಯ್ಕೆ ನೆಲದಲ್ಲೇ ಆಗಬೇಕು.

ಹಾಲುವಾಣಕ್ಕೆ ಮೈಭಾರ ಕೊಡಲೇಬೇಡಿ. ಮೆದು ಮರ, ಒಳಗೆ ಕೊಳೆತಿದ್ದರೂ ಹೊರಗೆ ಹಸಿರಾಗಿ ಕಾಣುತ್ತದೆ. ಸಿಲ್ವರ್ ಓಕ್‌ನ ಕಾಂಡ ಗಟ್ಟಿ, ಕೊಂಬೆ ನಂಬಿಕೆಗೆ ಅಲ್ಲ. ಬುಡದಲ್ಲೇ ಕಿತ್ತು ಬರುತ್ತದೆ. ಅದರ ಕೊಂಬೆ ಹಿಡಿಯಬಹುದು, ಅದಕ್ಕೆ ಹಗ್ಗ ಕಟ್ಟಬಾರದು. ಹಲಸು, ಮತ್ತಿ, ನಂದಿ ಒಳ್ಳೆಯವು. ಯಾವ ಮರವಾದರೂ ಸುತ್ತ ಒಂದು ಸುತ್ತು ಬಂದು, ಕತ್ತಿಯ ಹಿಂಬದಿಯಿಂದ ಬುಡಕ್ಕೆ ಬಡಿದು ಕೇಳಿ. ಡೊಳ್ಳು ಸದ್ದು ಬಂದರೆ ಬಿಟ್ಟುಬಿಡಿ.

ಮೇಲೆ ನೋಡುವಾಗ ಮೂರು ವಿಷಯ: ಒಣ ಕೊಂಬೆ, ಕಣಜ ಅಥವಾ ಹೆಜ್ಜೇನು, ಕರೆಂಟು ತಂತಿ. ಚಗಳಿ ಇರುವೆ ಕಚ್ಚಿದರೆ ಸಾಯುವುದಿಲ್ಲ, ಆದರೆ ಕೈ ತಾನಾಗಿ ಬಿಡುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಬಳ್ಳಿಯ ಮಧ್ಯೆ ಗುಳಿಮಂಡಲ ಹಾವು ಸುರುಳಿ ಸುತ್ತಿಕೊಂಡಿರುತ್ತದೆ, ಎಲೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೈ ಹಾಕುವ ಮೊದಲು ಕೋಲಿನಿಂದ ಬಳ್ಳಿ ಅಲುಗಿಸುವ ಅಭ್ಯಾಸ ಇರಲಿ.

ತಂತಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಲ್ಯೂಮಿನಿಯಂ ಏಣಿ ಹಗುರ, ವಯಸ್ಸಾದವರಿಗೆ ಎತ್ತಲು ಸುಲಭ, ಅದಕ್ಕೇ ಎಲ್ಲರೂ ಕೊಂಡಿದ್ದಾರೆ. ಮೆಣಸು ಕೊಯ್ಯುವಾಗ ಆ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಮರದ ಹತ್ತಿರ ತಂತಿ ಹಾದುಹೋಗಿದ್ದರೆ ಅಲ್ಯೂಮಿನಿಯಂ ಆ ಕಡೆಗೇ ಬರಬಾರದು. ಫೈಬರ್‌ಗ್ಲಾಸ್ ಏಣಿ ಸಿಗುತ್ತದೆ, ಸ್ವಲ್ಪ ಭಾರ. ಹಸಿ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ ಅನ್ನುವುದನ್ನು ಮರೆಯಬೇಡಿ.

ಹತ್ತಲು ಏನೇನಿದೆ

ಅಮೆರಿಕದ ಬೇಟೆಗಾರರು ವಯಸ್ಸಿಗೆ ತಕ್ಕಂತೆ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಾರೆ ಅಂತ ಭಾವ ಹೇಳುತ್ತಾರೆ. ಚಿಕ್ಕ ವಯಸ್ಸಿನವರು ಒಂದೇ ಒಂದು ಸಣ್ಣ ಮೆಟ್ಟಿಲುಕೋಲು ಹಿಡಿದುಕೊಂಡು, ಅದನ್ನು ಬಿಚ್ಚಿ ಮೇಲೆ ಕಟ್ಟಿ, ಮತ್ತೆ ಬಿಚ್ಚಿ ಮೇಲೆ ಕಟ್ಟಿ ಹತ್ತಿಬಿಡುತ್ತಾರೆ. ನಲವತ್ತು ದಾಟಿದವರು ಮೂರು ನಾಲ್ಕು ಕೋಲು ಒಯ್ಯುತ್ತಾರೆ. ಹಗುರವಾಗಲಿ ಅಂತ ಕೋಲಿನ ಕೆಳಗೆ ಹಗ್ಗದ ಕುಣಿಕೆ ಮೆಟ್ಟಿಲು ನೇತುಹಾಕುವ ರೂಢಿಯೂ ಇದೆ. ಮಂಡಿ ನೋವು ಬಂದವರು ಮೊದಲು ಬಿಡುವುದು ಆ ಕುಣಿಕೆಯನ್ನು. ತೂಗಾಡುವ ಮೆಟ್ಟಿಲಿಗೆ ಸಮತೋಲ ಬೇಕು. ಅದರ ಬದಲು ಇನ್ನೊಂದು ಕೋಲು ಜಾಸ್ತಿ ಒಯ್ಯುತ್ತಾರೆ, ಮೆಟ್ಟಿಲಿನ ಅಂತರ ಒಂದು ಅಡಿಗೆ ಇಳಿಸುತ್ತಾರೆ. ಕೊನೆಗೆ ಕೈಹಿಡಿಕೆ ಇರುವ ಏಣಿ ಅಟ್ಟಣೆ. ಅದೂ ಆಗದಿದ್ದರೆ ನೆಲದ ಮೇಲೆ ಮರೆ ಕಟ್ಟಿ ಕೂರುವುದು.

ಅವರಲ್ಲಿ ಈಗ ಜಾಸ್ತಿ ಬಳಕೆಯಲ್ಲಿರುವ ಇನ್ನೊಂದು ಸಾಧನ ಸ್ಯಾಡಲ್. ಸೊಂಟಕ್ಕೂ ತೊಡೆಗೂ ಹಾಕುವ ಅಗಲ ಪಟ್ಟಿ. ಮುಂದಿನಿಂದ ಒಂದು ಹಗ್ಗ ಮರಕ್ಕೆ. ಅದರಲ್ಲಿ ಹಿಂದಕ್ಕೆ ಒರಗಿ ಕೂತರೆ ಉಯ್ಯಾಲೆಯಲ್ಲಿ ಕೂತ ಹಾಗೆ, ಎರಡೂ ಕೈ ಖಾಲಿ. ನಾನು ಮೊದಲ ಸಲ ಕೂತಾಗ ಇದನ್ನು ನಮ್ಮಜ್ಜನಿಗೆ ಕೊಟ್ಟಿದ್ದರೆ ರಾತ್ರಿಯಿಡೀ ಕೊಂಬೆಯ ಮೇಲೆ ಕುಂಡೆ ಮರಗಟ್ಟಿಸಿಕೊಂಡು ಕೂರುವುದು ತಪ್ಪುತ್ತಿತ್ತಲ್ಲ ಅನ್ನಿಸಿತು. ಆದರೆ ಒಂದು ಎಚ್ಚರ: ಸ್ಯಾಡಲ್ ಬೀಳುವವರನ್ನು ಹಿಡಿಯುವುದಕ್ಕೆ ಮಾಡಿದ್ದಲ್ಲ, ಬೀಳದ ಹಾಗೆ ಇಡುವುದಕ್ಕೆ ಮಾಡಿದ್ದು. ಹಗ್ಗ ಯಾವಾಗಲೂ ಬಿಗಿ ಇರಬೇಕು. ಏಣಿಯಿಂದ ಜಾರಬಹುದಾದ ಕೆಲಸಕ್ಕೆ ಎದೆ, ಹೆಗಲು, ತೊಡೆ ಎಲ್ಲ ಸೇರುವ ಪೂರ್ತಿ ಮೈಯ ಬೆಲ್ಟೇ ಬೇಕು.

ಕರಾವಳಿಯಲ್ಲಿ ಅಡಿಕೆ ಮರ ಹತ್ತಲು ಬಂಟ್ವಾಳ ಕಡೆಯ ಕೃಷಿಕರು ಗಣಪತಿ ಭಟ್ಟರು ಮೋಟಾರಿನ ಬೈಕನ್ನೇ ಮಾಡಿದರು, 2019ರಲ್ಲಿ ಅದರ ವೀಡಿಯೋ ಎಲ್ಲರ ಫೋನಿಗೂ ಬಂದಿತ್ತು. ನಮಗೆ ಅದು ಆಗದು. ಅಡಿಕೆ ಮರ ಕಂಬದ ಹಾಗೆ ಬೋಳು. ನಮ್ಮ ಮರದ ಮೈತುಂಬ ಬಳ್ಳಿ.

ಕೊಳ್ಳುವ ಸಾಮಾನು

ಪಟ್ಟಿ ದೊಡ್ಡದಲ್ಲ. ಪೂರ್ತಿ ಮೈಯ ಬೆಲ್ಟ್, ಅದರ ಮೇಲೆ ಐಎಸ್ 3521 ಅಥವಾ ಇಎನ್ 361 ಅಂತ ಸುರಕ್ಷತಾ ಗುಣಮಟ್ಟದ ಗುರುತು ಇರಬೇಕು. ಸೊಂಟದ ಎರಡೂ ಪಕ್ಕದಲ್ಲಿ ಹಗ್ಗ ಸಿಕ್ಕಿಸುವ ಲೋಹದ ಬಳೆ ಇರುವುದನ್ನೇ ಆರಿಸಿ. ಬೆನ್ನಿನಲ್ಲಿ ಮಾತ್ರ ಬಳೆ ಇರುವುದು ಕಟ್ಟಡ ಕೆಲಸಕ್ಕೆ ಸರಿ, ಮರಕ್ಕೆ ಅಷ್ಟು ಹೊಂದುವುದಿಲ್ಲ. ಎದೆಯಲ್ಲೂ ಒಂದು ಇದ್ದರೆ ಇನ್ನೂ ಒಳ್ಳೆಯದು. ಉದ್ದ ಹೆಚ್ಚು ಕಮ್ಮಿ ಮಾಡಬಹುದಾದ ಸೊಂಟದ ಹಗ್ಗ ಎರಡು, ಒಂದಲ್ಲ. 11 ಮಿ.ಮೀ. ಸ್ಟ್ಯಾಟಿಕ್ (ಭಾರಕ್ಕೆ ಹೆಚ್ಚು ಹಿಗ್ಗದ) ಹಗ್ಗ, ಮರದ ಎತ್ತರದ ಎರಡೂವರೆ ಪಟ್ಟು ಉದ್ದ. 8 ಮಿ.ಮೀ. ಹಗ್ಗದ ಎರಡು ಕುಣಿಕೆ. ತಿರುಪು ಬೀಗದ ಸ್ಟೀಲ್ ಕೊಕ್ಕೆ ಐದಾರು, ಪ್ರತಿಯೊಂದರ ಮೇಲೂ ಕಮ್ಮಿ ಅಂದರೆ 22 ಕಿಲೋನ್ಯೂಟನ್ (ಕೊಕ್ಕೆ ತಡೆಯುವ ಬಲದ ಅಳತೆ) ಅಂತ ಕೊರೆದಿರಬೇಕು. ಹೆಲ್ಮೆಟ್, ಗದ್ದದ ಪಟ್ಟಿ ಇರುವುದು. ಬೈಕಿನದ್ದು ಬೇಡ, ಅದರಲ್ಲಿ ಮೇಲೆ ನೋಡಲು ಆಗುವುದಿಲ್ಲ.

ಕೀಗೊಂಚಲಿಗೆ ಹಾಕುವ ಅಂದದ ಕೊಕ್ಕೆಗಳು ಅಂಗಡಿಯಲ್ಲಿ ಅಸಲಿಯ ಪಕ್ಕದಲ್ಲೇ ನೇತಾಡುತ್ತಿರುತ್ತವೆ. ನನಗೊಬ್ಬ ಅಂಗಡಿಯವ ಅದನ್ನೇ "ಆನೆ ಎಳೆದರೂ ಬಿಡಲ್ಲ ಸಾರ್" ಅಂತ ಕೊಟ್ಟಿದ್ದ. ಮನೆಗೆ ತಂದು ಕಾಫಿ ಮೂಟೆ ತೂಗು ಹಾಕಿದೆ. ಬಾಯಿ ಬಿಟ್ಟಿತು.

ಹಳೇ ನೈಲಾನ್ ಹಗ್ಗ, ದನ ಕಟ್ಟುವ ಹಗ್ಗ, ಟಾರ್ಪಾಲ್ ಹಗ್ಗ ಇವು ಯಾವುದೂ ಮೈಗೆ ಬೇಡ. ಬುಟ್ಟಿ ಇಳಿಸಲು ಇಟ್ಟುಕೊಳ್ಳಿ.

ಒಂದು ತಿಂಗಳು ಎರಡು ಅಡಿ ಎತ್ತರದಲ್ಲಿ

ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮೊದಲು ಮಾಡಲಿಲ್ಲ. ಮನೆಮಂದಿ ನಗುತ್ತಾರೆ ಅಂತ ನಾಚಿಕೆ. ಆದರೆ ಈ ವಯಸ್ಸಿನಲ್ಲಿ ಹೊಸ ಗಂಟು ಕೈಗೆ ಹತ್ತಲು ಟೈಮ್ ಬೇಕು. ಜನವರಿಯಲ್ಲೇ ಅಂಗಳದ ಹಲಸಿನ ಮರಕ್ಕೆ ಹಗ್ಗ ಕಟ್ಟಿ ಶುರು ಮಾಡಿ.

ಮೊದಲು ಪ್ರುಸಿಕ್ ಗಂಟು ಕಲಿಯಿರಿ. ಕಾರ್ಲ್ ಪ್ರುಸಿಕ್ ಅನ್ನುವ ಆಸ್ಟ್ರಿಯಾದ ಪರ್ವತಾರೋಹಿ 1931ರಲ್ಲಿ ಬರೆದು ತಿಳಿಸಿದ ಗಂಟು ಇದು. ದಪ್ಪ ಹಗ್ಗ ಮೇಲಿನಿಂದ ನೇತಾಡುತ್ತಿದೆ ಅಂದುಕೊಳ್ಳಿ. ಸಣ್ಣ ಹಗ್ಗದ ಕುಣಿಕೆಯನ್ನು ಅದರ ಹಿಂದೆ ಇಟ್ಟು, ಕುಣಿಕೆಯ ಒಂದು ತುದಿಯನ್ನು ಇನ್ನೊಂದರೊಳಗಿನಿಂದ ತಂದು ಮೂರು ಸುತ್ತು ಸುತ್ತಬೇಕು. ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಈಗ ಗಂಟನ್ನು ಕೈಯಲ್ಲಿ ಹಿಡಿದು ತಳ್ಳಿದರೆ ಮೇಲೆ ಹೋಗುತ್ತದೆ, ಕೆಳಗೂ ಬರುತ್ತದೆ. ಕುಣಿಕೆಗೆ ಭಾರ ಬಿದ್ದರೆ ಮಾತ್ರ ಗಪ್ಪನೆ ಕಚ್ಚಿಕೊಳ್ಳುತ್ತದೆ. ನೀವು ಹತ್ತುತ್ತಿದ್ದ ಹಾಗೆ ಅದನ್ನು ಗದ್ದಕ್ಕಿಂತ ಮೇಲೆ ತಳ್ಳುತ್ತಾ ಹೋದರಾಯಿತು. ಜಾರಿದರೆ ಅಲ್ಲೇ ನಿಲ್ಲುತ್ತೀರಿ. ಸಣ್ಣ ಹಗ್ಗ ದಪ್ಪ ಹಗ್ಗಕ್ಕಿಂತ ಎರಡು ಮೂರು ಮಿ.ಮೀ. ತೆಳುವಿರಬೇಕು, ಎರಡೂ ಒಂದೇ ದಪ್ಪವಿದ್ದರೆ ಸರಿಯಾಗಿ ಕಚ್ಚುವುದಿಲ್ಲ. ಅವಸರದಲ್ಲಿ ಗಂಟನ್ನೇ ಮುಷ್ಟಿಯಲ್ಲಿ ಹಿಡಿದು ಜೋತುಬಿದ್ದರೂ ಬಿಡುತ್ತದೆ. ಅದನ್ನು ಎರಡು ಅಡಿ ಎತ್ತರದಲ್ಲೇ ಒಂದು ಸಲ ಅನುಭವಿಸಿ.

ಆಮೇಲೆ ಬೆಲ್ಟ್ ಹಾಕಿಕೊಂಡು ನೇತಾಡಿ. ಹೌದು, ಸುಮ್ನೆ ನೇತಾಡಿ. ಎಲ್ಲಿ ಒತ್ತುತ್ತದೆ, ಎಲ್ಲಿ ಪಟ್ಟಿ ಸಡಿಲ ಅಂತ ಆಗ ಗೊತ್ತಾಗುವುದು. ನನಗೆ ಮೊದಲ ದಿನ ಎರಡೇ ನಿಮಿಷದಲ್ಲಿ ತೊಡೆ ಜುಮ್ಮೆಂದಿತು. ತೊಡೆಯ ಪಟ್ಟಿ ತಿರುಚಿಕೊಂಡಿತ್ತು.

ಬೋಳು ಮರ: ಮರಗಸಿಗೆ ಹತ್ತುವ ಕ್ರಮ

ಮುಂಗಾರಿಗೆ ಮೊದಲು ನೆರಳು ತೆಗೆಯಲು ಹತ್ತುತ್ತೇವಲ್ಲ, ಬಳ್ಳಿ ಇಲ್ಲದ ಮರ, ಅಲ್ಲಿ ಬೇಟೆಗಾರರ ಕ್ರಮ ಸರಿಯಾಗಿ ಹೊಂದುತ್ತದೆ.

1. ಬೆಲ್ಟನ್ನು ನೆಲದಲ್ಲೇ ಹಾಕಿ. ಕೆಳಗಿರುವವರಿಂದ ಒಂದೊಂದು ಬಕಲ್ಲನ್ನೂ ಎಳೆಸಿ ನೋಡಿ. ಕೆಳಗೆ ಯಾರೂ ಇಲ್ಲದಿದ್ದರೆ ಅವತ್ತು ಹತ್ತುವುದಿಲ್ಲ, ಅಷ್ಟೆ.

2. ಸೊಂಟದ ಹಗ್ಗವನ್ನು ಕಾಂಡದ ಸುತ್ತ ತಂದು ಎರಡೂ ಪಕ್ಕ ಸಿಕ್ಕಿಸಿ. ಇದು ಕಾಲು ನೆಲದಲ್ಲಿ ಇರುವಾಗಲೇ ಆಗಬೇಕು. ಹತ್ತು ಅಡಿ ಹೋದ ಮೇಲೆ ಕಟ್ಟೋಣ ಅನ್ನುವವರು ಒಂಬತ್ತನೇ ಅಡಿಯಿಂದ ಬೀಳುತ್ತಾರೆ.

3. ಏಣಿ ಅಥವಾ ಮೆಟ್ಟಿಲುಕೋಲಿನ ಮೊದಲ ಮೆಟ್ಟಿಲು ಮೊಣಕಾಲಿಗಿಂತ ಮೇಲಿರಬಾರದು. ಪಟ್ಟಿ ಬಿಗಿದ ಮೇಲೆ ಒಂದು ಕಾಲಿನ ಭಾರ ಹಾಕಿ ಎರಡು ಸಲ ಕುಲುಕಿ. ಜಾರುವುದಿದ್ದರೆ ಆಗಲೇ ಜಾರಲಿ.

4. ಎರಡು ಮೆಟ್ಟಿಲು ಹತ್ತಿ, ಸೊಂಟದ ಹಗ್ಗ ಮೇಲೆ ಸರಿಸಿ. ಮತ್ತೆ ಎರಡು, ಮತ್ತೆ ಸರಿಸಿ. ಹಗ್ಗ ಯಾವತ್ತೂ ಸೊಂಟಕ್ಕಿಂತ ಕೆಳಗೆ ಉಳಿಯಬಾರದು. ಏದುಸಿರು ಬಂದರೆ ಹಿಂದಕ್ಕೆ ಒರಗಿ ನಿಂತು ಬಿಡಿ, ಕೈಗೆ ರೆಸ್ಟ್ ಕೊಡಿ. ಇದೇ ಈ ಕ್ರಮದ ಸುಖ. ತೋಳಿನಿಂದ ಮೈ ಎಳೆಯಬೇಡಿ, ಕಾಲಿನಿಂದ ತಳ್ಳಿ. ಭುಜ ಒಂದು ಸಲ ಹೋದರೆ ವರ್ಷಗಟ್ಟಲೆ ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ.

5. ಅಡ್ಡ ಕೊಂಬೆ ಬಂತು. ಎರಡನೇ ಹಗ್ಗ ಇರುವುದು ಇದಕ್ಕೇ. ಅದನ್ನು ಕೊಂಬೆಗಿಂತ ಮೇಲೆ ಕಾಂಡಕ್ಕೆ ಸುತ್ತಿ ಸಿಕ್ಕಿಸಿ, ಅದರ ಮೇಲೆ ಭಾರ ಹಾಕಿ ನೋಡಿ. ಆಮೇಲೆ ಮೊದಲನೆಯದನ್ನು ಬಿಚ್ಚಿ. ಎರಡೂ ಒಟ್ಟಿಗೆ ಬಿಚ್ಚಿರುವ ಒಂದು ಕ್ಷಣವೂ ಇರಬಾರದು.

6. ನಿಲ್ಲುವ ಜಾಗ ತಲುಪಿದ ಮೇಲೆ ಇನ್ನೊಂದು ಹಗ್ಗವನ್ನು ತಲೆಗಿಂತ ಮೇಲೆ, ಕಾಂಡಕ್ಕೆ ಉರುಳು ಬಿಗಿಯುವ ಹಾಗೆ ಕಟ್ಟಿ. ಬರೀ ಸುತ್ತಿ ಬಂದ ಸೊಂಟದ ಹಗ್ಗ ನುಣುಪು ಕಾಂಡದಲ್ಲಿ ನಿಮ್ಮ ಜೊತೆಗೇ ಜಾರಿ ಬರುತ್ತದೆ. ಉರುಳು ಹಾಕಿದ್ದು ಬಿಗಿದು ನಿಲ್ಲುತ್ತದೆ.

7. ಕತ್ತಿ ಈಗ ಮೇಲೆ ಬರಬೇಕು. ಸೊಂಟದ ಹಿಂದೆ ಕತ್ತಿ ಸಿಕ್ಕಿಸಿಕೊಂಡು ಹತ್ತುವುದು ನಮ್ಮ ರೂಢಿ, ನೋಡಲೂ ಚೆಂದ. ಆದರೆ ಬಿದ್ದವರ ಬೆನ್ನಿಗೆ ಮೊದಲು ತಾಗುವುದೂ ಅದೇ. ಬೇಟೆಗಾರರು ಕೋವಿಯಿಂದ ಗುಂಡು ತೆಗೆದು ಕೆಳಗಿಟ್ಟು, ತಾವು ಮೇಲೆ ಕಟ್ಟಿಕೊಂಡ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳುತ್ತಾರೆ. ನಾನು ಕತ್ತಿಯನ್ನು ಗೋಣಿ ತುಂಡಿನಲ್ಲಿ ಸುತ್ತಿ ಹಾಗೇ ಎಳೆದುಕೊಳ್ಳುತ್ತೇನೆ.

ಕೊಂಬೆ ಕಡಿಯುವಾಗ ಕತ್ತಿ ತಪ್ಪಿ ನಿಮ್ಮದೇ ಹಗ್ಗಕ್ಕೆ ತಾಗಬಹುದು. ಅದಕ್ಕಾಗಿ ಕಡಿಯುವಾಗ ಎರಡೂ ಹಗ್ಗ ಇರಲಿ. ನಾನೀಗ ಮೇಲೆ ಕತ್ತಿ ಬೀಸುವುದನ್ನೇ ಕಮ್ಮಿ ಮಾಡಿದ್ದೇನೆ. ಉದ್ದ ದೋಟಿಗೆ ಗರಗಸ ಸಿಕ್ಕಿಸಿದ್ದು ಬರುತ್ತದೆ. ಎಂಟು ಅಡಿ ಏಣಿಯಲ್ಲಿ ನಿಂತು ಹದಿನೆಂಟು ಅಡಿಯ ಕೊಂಬೆ ಕೊಯ್ಯಬಹುದು.

ಪ್ರತಿ ವರ್ಷ ಹತ್ತುವ ಮರಕ್ಕೆ ಕಾಯಂ ದಾರ

ಗಟ್ಟಿ ಕವಲಿರುವ ಹಲಸು, ನಂದಿ ಇಂಥ ಮರಕ್ಕೆ ಇನ್ನೂ ಸುಲಭ ದಾರಿ ಇದೆ. ತೆಳು ದಾರಕ್ಕೆ ಸಣ್ಣ ಮರಳಿನ ಚೀಲ ಕಟ್ಟಿ ಕವಲಿನ ಮೇಲಿಂದ ಎಸೆಯಿರಿ. ಕವಣೆಯಿಂದಲೂ ಆಗುತ್ತದೆ, ಮೊಮ್ಮಕ್ಕಳಿಗೆ ಈ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ದಾರದ ಹಿಂದೆ ದಪ್ಪ ಹಗ್ಗ ಎಳೆದು, ಒಂದು ತುದಿಯನ್ನು ಬುಡಕ್ಕೆ ಕಟ್ಟಿ, ಇನ್ನೊಂದು ತುದಿಗೆ ಐದಾರು ಜನ ಜೋತುಬಿದ್ದು ಕವಲನ್ನು ಪರೀಕ್ಷೆ ಮಾಡಿ. ಆಮೇಲೆ ಪ್ರುಸಿಕ್ ಹಾಕಿಕೊಂಡು, ಕುಣಿಕೆಯನ್ನು ಬೆಲ್ಟಿನ ಎದೆಯ ಬಳೆಗೆ ಸಿಕ್ಕಿಸಿ, ಏಣಿಯಲ್ಲಿ ಹತ್ತುವುದು. ಕೆಲಸ ಮುಗಿದ ಮೇಲೆ ದಪ್ಪ ಹಗ್ಗ ಇಳಿಸಿ, ತೆಳು ದಾರವನ್ನು ಮಾತ್ರ ಮರದಲ್ಲಿ ಬಿಡಿ. ದಪ್ಪ ಹಗ್ಗ ಬಿಟ್ಟರೆ ನಮ್ಮ ಮಳೆ, ಬಿಸಿಲು, ಅಳಿಲು ಮೂರೂ ಸೇರಿ ಅದರ ಕಥೆ ಮುಗಿಸುತ್ತವೆ. ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಅದೇ ಅಪಾಯ.

ಮೆಣಸಿನ ಮರ: ಇಲ್ಲಿ ಲೆಕ್ಕ ಬೇರೆ

ಭಾವನ ಪಾಠ ಇಲ್ಲಿ ಕೈಕೊಟ್ಟಿತು. ಪಣಿಯೂರು ತಳಿಯ ಮೆಣಸಿನ ಬಳ್ಳಿ ಕಾಂಡದ ಸುತ್ತ ಕಂಬಳಿ ಹೊದ್ದ ಹಾಗೆ ಹಬ್ಬಿರುತ್ತದೆ. ಸೊಂಟದ ಹಗ್ಗ ಮೇಲೆ ಸರಿಸಿದರೆ ಗೊಂಚಲು ಉದುರುತ್ತವೆ, ಬಳ್ಳಿ ಕಳಚುತ್ತದೆ. ಮೊದಲ ವರ್ಷ ಒಂದೇ ಮರದಲ್ಲಿ ಹಾಗೆ ಮಾಡಿ ಮನೆಯವರಿಂದ ಬೈಸಿಕೊಂಡೆ.

ನಾನು ಕಂಡುಕೊಂಡದ್ದು ಹೀಗೆ. ಏಣಿಯನ್ನು ಮೂರು ಕಡೆ ಮರಕ್ಕೆ ಕಟ್ಟಬೇಕು. ಬುಡದಲ್ಲಿ ಒಂದು, ನೆಲದಲ್ಲಿ ನಿಂತು ಕೈಗೆಟುಕುವಲ್ಲಿ ಇನ್ನೊಂದು, ಹತ್ತಿದ ಮೇಲೆ ತುದಿಯಲ್ಲಿ ಮೂರನೆಯದು. ಒಂಟಿ ಏಣಿ ಬೀಳುವುದಕ್ಕಿಂತ ತಿರುಗುವುದು ಜಾಸ್ತಿ, ನಡುವಿನ ಕಟ್ಟು ಅದನ್ನು ತಡೆಯುತ್ತದೆ. ಎರಡು ಕಾಲಿನ ಏಣಿಯಾದರೆ ನಾಲ್ಕಕ್ಕೆ ಒಂದರ ಲೆಕ್ಕ: 16 ಅಡಿ ಎತ್ತರಕ್ಕೆ ಒರಗಿಸಿದರೆ ಬುಡ 4 ಅಡಿ ಹೊರಗೆ. ಇಳಿಜಾರಿನಲ್ಲಿ ಕೆಳಗಿನ ಕಾಲಿಗೆ ಕಲ್ಲು ಇಡಬೇಡಿ, ಮೇಲಿನ ಕಾಲಿಗೆ ಮಣ್ಣು ಕೆತ್ತಿ.

ಮೈಗೆ ಎರಡು ಹಗ್ಗ, ಎರಡು ಅಗಲ ಪಟ್ಟಿ. ಐದು ಅಡಿಗೊಂದು ಕಡೆ ಬಳ್ಳಿಯ ಸಂದಿನಲ್ಲಿ ಪಟ್ಟಿ ತೂರಿಸಿ, ಕಾಂಡಕ್ಕೆ ಉರುಳು ಹಾಕಿ, ಹಗ್ಗ ಸಿಕ್ಕಿಸಿ. ಮೇಲಿನದನ್ನು ಸಿಕ್ಕಿಸಿದ ಮೇಲೆ ಕೆಳಗಿನದನ್ನು ಬಿಚ್ಚಿ ಮೇಲೆ ತನ್ನಿ. ನಿಧಾನವಾಗುತ್ತದೆ. ಕೆಲಸದವರು ಎರಡು ಮರ ಮುಗಿಸುವಷ್ಟರಲ್ಲಿ ನನ್ನದು ಒಂದು. ಇರಲಿ ಬಿಡಿ, ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆ ಕೊಯ್ಯಲು ಇನ್ನೂ ಕೆಲವು ದಿನ ಟೈಮ್ ಇರುತ್ತದೆ.

ಚೀಲ ಮೈಗೆ ಕಟ್ಟಿಕೊಳ್ಳಬೇಡಿ. ತುಂಬಿದ ಚೀಲ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಏಣಿಗೆ ಕೊಕ್ಕೆ ಹಾಕಿ ನೇತುಹಾಕಿ, ಅರ್ಧ ತುಂಬಿದಾಗ ಹಗ್ಗದಲ್ಲಿ ಇಳಿಸಿ. ಪಕ್ಕಕ್ಕೆ ಬಾಗಿ ಕೊಯ್ಯುವ ಆಸೆಯನ್ನೂ ಬಿಡಿ. ಹೊಕ್ಕುಳು ಏಣಿಯ ಅಂಚು ದಾಟಿತು ಅಂದರೆ ಇಳಿದು ಏಣಿ ಸರಿಸುವ ಹೊತ್ತು ಬಂತು ಅಂತ ಲೆಕ್ಕ.

ಇಳಿಯುವಾಗ

ಅಮೆರಿಕದಲ್ಲೂ ಜಾಸ್ತಿ ಜನ ಬೀಳುವುದು ಕೂತಲ್ಲಿಂದಲ್ಲ, ಹತ್ತುವಾಗ ಇಳಿಯುವಾಗ, ಅಟ್ಟಣೆಯಿಂದ ಏಣಿಗೆ ಕಾಲಿಡುವಾಗ. ಕೆಲಸ ಮುಗಿಯಿತು ಅನ್ನುವ ನಿರಾಳ ಬರುತ್ತದಲ್ಲ, ಅದೇ ಕಾರಣ. ಇಳಿಯುವ ಮೊದಲು ಎದ್ದು ನಿಂತು, ಹಗ್ಗದ ಮೇಲೆ ಒರಗಿ ಹತ್ತು ಸಲ ಉಸಿರಾಡಿ. ಕಣ್ಣು ಕತ್ತಲೆ ಬರುವುದಿದ್ದರೆ ಅಲ್ಲೇ ಬಂದು ಹೋಗಲಿ. ಹತ್ತಿದ ಕ್ರಮವನ್ನೇ ತಿರುಗಿಸಿ ಮಾಡಿ. ಕೊನೆಯ ಎರಡು ಮೆಟ್ಟಿಲು ಜಿಗಿಯಬೇಡಿ. ಹಗ್ಗದಲ್ಲಿ ಜಾರಿಕೊಂಡು ಇಳಿಯುವ ವೀಡಿಯೋಗಳು ಬಹಳ ಇವೆ. ಕಲಿಸುವವರು ಪಕ್ಕದಲ್ಲಿ ಇಲ್ಲದೆ ಬೇಡ.

ಜಾರಿ ನೇತಾಡಿದರೆ

ಹಗ್ಗ ಹಿಡಿಯಿತು ಅಂದರೆ ಕೆಲಸ ಮುಗಿಯಲಿಲ್ಲ. ಬೆಲ್ಟಿನಲ್ಲಿ ಅಲುಗಾಡದೆ ನೇತಾಡಿದರೆ ಕಾಲಿನ ರಕ್ತ ಮೇಲೆ ಬರುವುದಿಲ್ಲ, ಕೆಲವೇ ನಿಮಿಷದಲ್ಲಿ ಎಚ್ಚರ ತಪ್ಪಬಹುದು. ಜೇಬಿನಲ್ಲಿ ಒಂದು ಕುಣಿಕೆ ಹಗ್ಗ ಇಟ್ಟುಕೊಳ್ಳಿ. ಬೆಲ್ಟಿಗೆ ಸಿಕ್ಕಿಸಿ ಅದರಲ್ಲಿ ಕಾಲಿಟ್ಟು ನಿಲ್ಲಿ, ಕಾಲು ಬದಲಿಸುತ್ತಾ ಇರಿ. ಮರ ಕೈಗೆ ಸಿಕ್ಕರೆ ಮೆಟ್ಟಿಲಿಗೆ ವಾಪಸ್ ಬನ್ನಿ. ಕೊರಳಿಗೆ ಸೀಟಿ ಇರಲಿ, ಯಾಕೆಂದರೆ ನಮ್ಮ ತೋಟಗಳಲ್ಲಿ ಅರ್ಧ ಜಾಗದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕೆಳಗಿರುವವರಿಗೆ ಎರಡು ವಿಷಯ ಮೊದಲೇ ಗೊತ್ತಿರಬೇಕು: ಇನ್ನೊಂದು ಏಣಿ ಎಲ್ಲಿದೆ, 108ಕ್ಕೆ ಫೋನ್ ಮಾಡಲು ಯಾವ ಏರಿಗೆ ಓಡಬೇಕು. ಬಿದ್ದವರನ್ನು ಎತ್ತಿ ಕೂರಿಸಿ ನೀರು ಕುಡಿಸಬಾರದು. ಬೆನ್ನು ಮೂಳೆಗೆ ಏಟಾಗಿದ್ದರೆ ಎತ್ತಿದಾಗಲೇ ಹಾಳಾಗುವುದು.

ಗದ್ದೆ ಕಾಯುವ ಅಟ್ಟಣೆ

ಸುಗ್ಗಿ ಹಬ್ಬ ಪುತ್ತರಿಗೆ ಮೊದಲು ಭತ್ತ ಬಲಿಯುವಾಗ ಹಂದಿ ಕಾಯಲು ಅಟ್ಟಣೆ ಕಟ್ಟುವವರು ಈಗ ಕಮ್ಮಿ. ಗದ್ದೆಯೇ ಕಮ್ಮಿಯಾಗಿದೆ. ಕಟ್ಟುವುದಿದ್ದರೆ ಮರದಲ್ಲಿ ಕಟ್ಟಬೇಡಿ. ನಾಲ್ಕು ಕಂಬ ನೆಟ್ಟು, ಎಂಟು ಹತ್ತು ಅಡಿಗೆ ಹಲಗೆ, ಎದೆಯೆತ್ತರ ಕಟಕಟೆ, ಒರಗಿಸಿದ ಅಗಲ ಮೆಟ್ಟಿಲು, ಎರಡೂ ಪಕ್ಕ ಕೈಹಿಡಿಕೆ. ರಾತ್ರಿ ನಿದ್ದೆಗಣ್ಣಿನಲ್ಲಿ ಇಳಿಯುವ ಜಾಗ ಇದು, ಅದನ್ನು ನೆನಪಿಟ್ಟು ಕಟ್ಟಿ. ಟಾರ್ಚು, ತಗಡು, ಗಂಟಲು ಇಷ್ಟೇ ಆಯುಧ. ಆನೆ ಓಡಾಡುವ ದಾರಿಯಲ್ಲಿ ಮಾತ್ರ ಅಟ್ಟಣೆಯೇ ಬೇಡ. ದೊಡ್ಡ ಸಲಗದ ಭುಜವೇ ಒಂಬತ್ತು ಅಡಿ. ಅದರ ಸೊಂಡಿಲಿಗೆ ನಿಮ್ಮ ಅಟ್ಟಣೆ ಊಟದ ಮೇಜು. ಆನೆ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ ಮನೆಯೊಳಗೆ ಇರಿ.

ಮರವನ್ನೇ ಕೆಳಗಿಳಿಸಿ

ಹತ್ತುವ ಎತ್ತರಕ್ಕೆ ಮಿತಿ ಹಾಕಿಕೊಳ್ಳುವುದು ಸುಲಭ, ಪಾಲಿಸುವುದು ಕಷ್ಟ. ಮೆಣಸು ಮೇಲೆಯೇ ಚೆನ್ನಾಗಿ ಹಿಡಿದಿರುತ್ತದೆ, ಅದು ಕರೆಯುತ್ತದೆ. ನಾನು ಮಾಡಿದ್ದು ಏನೆಂದರೆ ಮನೆಯ ಸುತ್ತಲಿನ 40 ಮರಗಳ ಬಳ್ಳಿಯನ್ನು 15 ಅಡಿಗೆ ನಿಲ್ಲಿಸಿದೆ. ಅದಕ್ಕಿಂತ ಮೇಲೆ ಹೋದ ಕುಡಿಯನ್ನು ಚಿವುಟಿ ಕೆಳಗೆ ಬಗ್ಗಿಸಿ ಕಟ್ಟುತ್ತೇವೆ. ಹೊಸದಾಗಿ ನೆಟ್ಟದ್ದಕ್ಕೂ ಅದೇ ನಿಯಮ. ಅವು ನನ್ನ ಮರಗಳು. ಉಳಿದವಕ್ಕೆ ಎದೆಯೆತ್ತರದಲ್ಲಿ ಕೆಂಪು ಪೇಂಟ್ ಬಳಿದೆ. ಕೆಂಪು ಇದ್ದರೆ ನಾನು ಹತ್ತುವುದಿಲ್ಲ, ಗುತ್ತಿಗೆಯವರು ಹತ್ತುತ್ತಾರೆ.

ಗುತ್ತಿಗೆಯವರಿಗೂ ಬೆಲ್ಟ್ ತೆಗೆದಿಟ್ಟಿದ್ದೇನೆ. ಮೊದಲ ವರ್ಷ ನಕ್ಕರು, ಗೋಣಿಯ ಮೇಲೆ ಬಿಸಾಕಿ ಹತ್ತಿದರು. ಎರಡನೇ ವರ್ಷ ಅವರಲ್ಲಿ ಹಿರಿಯರೊಬ್ಬರು, ನನ್ನಷ್ಟೇ ವಯಸ್ಸು, ಊಟದ ಹೊತ್ತಿನಲ್ಲಿ ಮೆಲ್ಲಗೆ ಬಂದು "ಆ ಗಂಟು ಒಂದ್ಸಲ ತೋರಿಸಿ" ಅಂದರು. ಅಂಗಳದ ಹಲಸಿನ ಮರಕ್ಕೆ ಕರೆದುಕೊಂಡು ಹೋದೆ. ಎರಡು ಅಡಿ ಎತ್ತರದಲ್ಲಿ ಇಬ್ಬರೂ ಅರ್ಧ ಗಂಟೆ ನೇತಾಡಿದೆವು.